ಬಯೋಡೇಟಾದ ಒಂದೊಂದು ಸಾಲಿಗೂ ಉತ್ತರವಿರಲಿ

ಮಾನ್ಯ ಹಿರಿಯರೇ, ಈ ವರ್ಷ ಪದವಿ ಮುಗಿಸುತ್ತಿರುವ ಪ್ರಿಯ ವಿದ್ಯಾರ್ಥಿಗಳೇ,

ಉದ್ಯೋಗ ಸಂದರ್ಶನದ ತಪ್ಪುಗಳೆಂದರೆ ಉಡುಪು, ಇಂಗ್ಲಿಷ್ ಉಚ್ಚಾರ, ಕೂರುವ ಭಂಗಿ ಇವುಗಳನ್ನೇ ನಾವು ಹೆಚ್ಚಾಗಿ ಚರ್ಚಿಸುತ್ತೇವೆ. ಇಸ್ತ್ರಿ ಮಾಡಿದ ಅಂಗಿ ಇದ್ದರೆ ಉಡುಪಿನ ಮಾತು ಮುಗಿಯಿತು. ಮುಂಬಯಿಯ ನಮ್ಮ ಮಕ್ಕಳಿಗೆ ಕೈಗೆ ಬಂದ ಕೆಲಸ ತಪ್ಪಿಹೋಗುವುದು ಗೊತ್ತಿಲ್ಲದ್ದನ್ನು ಬಯೋಡೇಟಾದಲ್ಲಿ ಬರೆಯುವುದರಿಂದ ಮತ್ತು ಗೊತ್ತಿರುವುದನ್ನು ಮುಚ್ಚಿಡುವುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿ.ಕಾಂ. ಓದಿದವರು 'ಟ್ಯಾಲಿ, ಜಿಎಸ್‌ಟಿ ಬಲ್ಲೆ' ಎಂದು, ಅಂದರೆ ಲೆಕ್ಕದ ತಂತ್ರಾಂಶವನ್ನೂ ತೆರಿಗೆಯ ಕೆಲಸವನ್ನೂ ಬಲ್ಲೆವೆಂದು, ಬರೆದಿರುತ್ತಾರೆ. ಅನುಭವಿಯಾದ ಲೆಕ್ಕಪತ್ರ ಅಧಿಕಾರಿ ಆ ಸಾಲಿನ ಮೇಲೆಯೇ ಬೆರಳಿಟ್ಟು, 'ನಮಗೆ ಮಾಲು ಕೊಟ್ಟವರು ಆ ಬಿಲ್ಲನ್ನು ತಮ್ಮ ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1ರಲ್ಲಿ ತೋರಿಸದಿದ್ದರೆ ಏನು ಮಾಡುವಿರಿ?' ಎಂದು ಕೇಳುತ್ತಾರೆ. ಸಾಮಾನ್ಯವಾಗಿ ತಿಂಗಳ 14ರಂದು ಸಿದ್ಧವಾಗುವ, ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ, ಅದರಲ್ಲಿ ಕಾಣದ ಬಿಲ್ಲಿನ, ಖರೀದಿಗೆ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ, ಇನ್‌ಪುಟ್ ಕ್ರೆಡಿಟ್ಟನ್ನು ಆ ತಿಂಗಳು ತೆಗೆದುಕೊಳ್ಳದೆ, ಮಾಲು ಕೊಟ್ಟವರ ಬೆನ್ನುಹತ್ತಿ ಸರಿಪಡಿಸಿಕೊಳ್ಳಬೇಕೆಂಬುದನ್ನು ಒಮ್ಮೆ ಕೈಯಾರೆ ಮಾಡಿದವರು ತಡವರಿಸದೆ ಹೇಳುತ್ತಾರೆ. ಬರಿಯ ಪ್ರಮಾಣಪತ್ರ ಪಡೆದವರು ಜಿಎಸ್‌ಟಿ 2017ರ ಜುಲೈ 1ರಂದು ಜಾರಿಗೆ ಬಂತೆಂದು ಆರಂಭಿಸುತ್ತಾರೆ; ಕೇಳಿದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. 'ಓದಿದ್ದೇನೆ, ಮಾಡಿ ನೋಡಿಲ್ಲ' ಎಂದು ಒಪ್ಪಿಕೊಂಡರೆ ಮಾತು ಮುಂದುವರಿಯಬಹುದು. ಬಾಯಿಪಾಠ ಒಪ್ಪಿಸಿದರೆ ಉಳಿದ ಸಾಲುಗಳ ಮೇಲೂ ಸಂಶಯ ಮೂಡುತ್ತದೆ.

ಇನ್ನು ಮುಚ್ಚಿಡುವ ವಿಷಯ. ನಿಮ್ಮಲ್ಲಿ ಹಲವರು ತಂದೆಯ ಅಥವಾ ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ರಾತ್ರಿ ಬಾಗಿಲು ಹಾಕುವ ಮುನ್ನ ನಗದು, ಯುಪಿಐ ಜಮೆ, ಹಾಲಿನವರ ಬಾಕಿ, ಕೆಲಸದವರು ಪಡೆದ ಮುಂಗಡ ಎಲ್ಲವನ್ನೂ ಲೆಕ್ಕಕ್ಕೆ ಸರಿಹೊಂದಿಸಿದವರು. ಆದರೂ ಅನುಭವ ಕೇಳಿದರೆ 'ಇಲ್ಲ ಸರ್' ಎನ್ನುತ್ತೀರಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿ, ಬ್ಯಾಂಕು ಕಚೇರಿಗಳನ್ನು ಸೇರಿದ ಹಿರಿಯರ ಊರಿದು. ಇಲ್ಲಿ ಆ ದುಡಿಮೆಗೆ ನಾಚುವುದು ನನಗೆ ನಿಜಕ್ಕೂ ನೋವು ತರುತ್ತದೆ. ಲೆಕ್ಕ ತಪ್ಪಿದ ಒಂದು ದಿನ ಅದನ್ನು ಹೇಗೆ ಹುಡುಕಿದಿರೆಂದು ಸರಳವಾದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳಿ, ಸಾಕು.

ತಡವಾಗಿ ತಲುಪುವುದಕ್ಕೆ ಲೋಕಲ್ ರೈಲು ಕಾರಣವೆಂದರೆ ಈ ಊರಿನಲ್ಲಿ ಯಾರೂ ಒಪ್ಪುವುದಿಲ್ಲ. ಭಾನುವಾರವಾದರೆ ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಲೋವರ್ ಪರೇಲಿಗೋ ನರಿಮನ್ ಪಾಯಿಂಟಿಗೋ ಹೋಗುವವರು ಬಾಂದ್ರಾ, ಸಯನ್ ದಾಟಿದ ಮೇಲೆ ಆಟೋ ಸಿಗದೆಂಬುದನ್ನು ನೆನಪಿಡಿ.

ಸಂಬಳದ ಮಾತಿನಲ್ಲಿ ಸಂಕೋಚ ಬೇಡ. ಅವರು ಹೇಳುವ ಸಿಟಿಸಿಯಲ್ಲಿ, ಅಂದರೆ ನಿಮಗಾಗಿ ಕಂಪನಿ ಮಾಡುವ ವರ್ಷದ ಒಟ್ಟು ಖರ್ಚಿನಲ್ಲಿ, ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲೂ ಸೇರಿರುವುದು ಸಾಮಾನ್ಯ. ನಿಮ್ಮ ಪಾಲೂ ಕಡಿತವಾಗುತ್ತದೆ. ಆದ್ದರಿಂದ ತಿಂಗಳಿಗೆ ಕೈಗೆ ಬರುವುದೆಷ್ಟು, ಇಷ್ಟು ಕಾಲ ಕೆಲಸ ಬಿಡಬಾರದೆಂಬ ಬಾಂಡ್ ಇದೆಯೇ ಎಂದು ವಿನಯದಿಂದ ಕೇಳಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಆದರೆ ಅಲ್ಲಿ ಬಿಟ್ಟು ಬರಬೇಡಿ. ಕೆಲಸ ಕೊಡಲು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.