ಲಾಗಿನ್ ಅನ್ನೋ ಮಾತು ಎಲ್ಲಿಂದ ಬಂತು?

ನಮಸ್ಕಾರ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಇಂಗ್ಲಿಷ್ ಮಾಸ್ತರರಿಗೆ ಇವತ್ತು ನನ್ನದೊಂದು ಮನವಿ ಇದೆ. ಫ್ರೇಸಲ್ ವರ್ಬ್‌ಗಳನ್ನು, ಅಂದ್ರೆ ಕ್ರಿಯಾಪದಕ್ಕೆ ಅಪ್, ಇನ್, ಔಟ್ ಥರದ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಮಾತುಗಳನ್ನು, ದಯವಿಟ್ಟು ಕಂಠಪಾಠ ಮಾಡಿಸಬೇಡಿ.

ಗಿವ್ ಅಪ್ ಅಂದ್ರೆ ಕೈಬಿಡು, ಲುಕ್ ಆಫ್ಟರ್ ಅಂದ್ರೆ ನೋಡಿಕೊಳ್ಳು. ನಮ್ಮ ಕನ್ನಡ ಮೀಡಿಯಂ ಮಕ್ಕಳು ಹೀಗೆ ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇಂಗ್ಲಿಷ್ ನಮಗಲ್ಲ ಅಂತ ಸುಮ್ನೆ ಹೆದರಿ ಕೂರುತ್ತಾರೆ. ಆದರೆ ಇಂಥ ಮಾತು ಕನ್ನಡಕ್ಕೆ ಹೊಸದಲ್ಲ. ಗೋಡೆಗೆ ಬಣ್ಣ ಹಚ್ಚುತ್ತೇವೆ. ಮೊಮ್ಮಗ ಅಜ್ಜಿಯನ್ನು ಹಚ್ಚಿಕೊಂಡಿದ್ದಾನೆ ಅಂತಲೂ ಅನ್ನುತ್ತೇವೆ. ಯಾರೂ ಅದನ್ನು ಉರು ಹೊಡೆದು ಕಲಿತಿಲ್ಲ, ಅಲ್ವಾ?

ಲಾಗಿನ್ ಅನ್ನೋ ಮಾತನ್ನೇ ನೋಡಿ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಪ್ರತಿ ಮಗುವಿಗೂ ಇದು ಗೊತ್ತು. ಲಾಗ್ ಅಂದರೆ ಮರದ ತುಂಡು. ಮರದ ತುಂಡಿಗೂ ಕಂಪ್ಯೂಟರಿಗೂ ಏನು ಸಂಬಂಧ?

ಹಾಯಿ ಹಡಗಿನ ಕಾಲದಲ್ಲಿ ವೇಗ ಅಳೆಯಲು ಮೀಟರ್ ಇರಲಿಲ್ಲ. ನಾವಿಕರು ಚಪ್ಪಟೆ ಮರದ ತುಂಡೊಂದನ್ನು ಉದ್ದನೆಯ ಹಗ್ಗಕ್ಕೆ ಕಟ್ಟಿ ಹಡಗಿನ ಹಿಂದೆ ಎಸೆಯುತ್ತಿದ್ದರು. ಅದರ ಒಂದು ಅಂಚಿಗೆ ಸೀಸ ಕೂರಿಸಿರುತ್ತಿದ್ದರು. ಹಾಗಾಗಿ ತುಂಡು ನೀರಿನಲ್ಲಿ ನೆಟ್ಟಗೆ ನಿಂತು, ಹೆಚ್ಚುಕಡಿಮೆ ಬಿದ್ದ ಜಾಗದಲ್ಲೇ ಉಳಿಯುತ್ತಿತ್ತು. ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗದಲ್ಲಿ ಸುಮಾರು 47 ಅಡಿಗೊಂದು ಗಂಟು. ಒಬ್ಬ 28 ಸೆಕೆಂಡಿನ ಮರಳು ಗಡಿಯಾರ ಹಿಡಿಯುತ್ತಿದ್ದ, ಇನ್ನೊಬ್ಬ ಕೈಯಿಂದ ಜಾರಿದ ಗಂಟು ಎಣಿಸುತ್ತಿದ್ದ. 5 ಗಂಟು ಜಾರಿದರೆ ವೇಗ 5 ನಾಟ್. ಹಡಗಿನ ವೇಗಕ್ಕೆ ಇವತ್ತಿಗೂ ನಾಟ್ ಅಂತಾರಲ್ಲ, ಅದು ಈ ಗಂಟೇ!

ಆ ಲೆಕ್ಕ ಬರೆದಿಟ್ಟ ಪುಸ್ತಕ ಲಾಗ್ ಬುಕ್ ಆಯಿತು. ಅಲ್ಲಿಂದ ಬರೆದಿಡುವ ಕೆಲಸಕ್ಕೂ ಅದೇ ಹೆಸರು ಬಂತು. ನಮ್ಮೂರಿನ ಸರ್ಕಾರಿ ಜೀಪಿನ ಡ್ರೈವರ್ ಓಡಿದ ಕಿಲೋಮೀಟರ್ ಬರೆಯೋದು ಲಾಗ್ ಬುಕ್ಕಿನಲ್ಲಿ. ಸಬ್‌ಸ್ಟೇಷನ್‌ನವರು ರೀಡಿಂಗ್ ಬರೆಯೋದು ಲಾಗ್ ಶೀಟಿನಲ್ಲಿ.

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಬಂತು. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುತ್ತಿದ್ದರು. ಯಾರು ಎಷ್ಟು ಹೊತ್ತು ಬಳಸಿದರು ಅನ್ನೋ ಲೆಕ್ಕ ಬೇಕಲ್ಲ? ಕೂತವರು ಮೊದಲು ಲಾಗಿನ್ ಅಂತ ಟೈಪ್ ಮಾಡಬೇಕಿತ್ತು, ಏಳುವಾಗ ಲಾಗೌಟ್. ಬಂದದ್ದು, ಹೋದದ್ದು ಎರಡೂ ದಾಖಲಾಗುತ್ತಿತ್ತು. ಆ ಇನ್, ಔಟ್ ಯಾಕೆ ಅಂತ ಈಗ ಬಿಡಿಸಿ ಹೇಳಬೇಕಾ?

ಮಾಸ್ತರರೇ, ನಮ್ಮಲ್ಲಿ ತುಂಗಭದ್ರಾ ಎಡದಂಡೆ ನೀರು ಹೊಲದ ಸಣ್ಣ ಕಾಲುವೆವರೆಗೂ ಬರುತ್ತದೆ. ಮೊಣಕಾಲಿಗಿಂತ ಆಳವಿಲ್ಲದ ಕಾಲುವೆ ನೋಡಿಕೊಳ್ಳಿ. ಒಂದು ಕಟ್ಟಿಗೆ ತುಂಡು, ಗಂಟು ಹಾಕಿದ ದಾರ ತಗೊಂಡು ಮಕ್ಕಳನ್ನು ದಡಕ್ಕೆ ಕರೆದೊಯ್ಯಿರಿ. ಇಲ್ಲಿ ನಾವು ನಿಂತಿರುತ್ತೇವೆ, ನೀರು ಓಡುತ್ತದೆ. ಲೆಕ್ಕ ಮಾತ್ರ ಅದೇ. ಒಬ್ಬಳು ಮೊಬೈಲಿನಲ್ಲಿ ಸೆಕೆಂಡ್ ನೋಡಲಿ, ಇನ್ನೊಬ್ಬ ಗಂಟು ಎಣಿಸಲಿ, ಮತ್ತೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆಯಲಿ. ಫ್ರೇಸಲ್ ವರ್ಬ್ ಪಟ್ಟಿ ಮಾರನೇ ದಿನಕ್ಕೆ ಇರಲಿ.