ಚರ್ಮ ಸುಟ್ಟ ಗೋಳ, ತೊಗಲು ಸುಲಿದ ಗುಡ್ಡ

ವೇದಿಕೆ ಮೇಲಿರುವ ಹಿರಿಯರಿಗೆ, ಎದುರಿಗೆ ಕೂತ ವಿದ್ಯಾರ್ಥಿ ಮಿತ್ರರಿಗೆ ನಮಸ್ಕಾರ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಾನು ನೋಡಿಬಂದ ಪರಿಸರ ವಸ್ತುಸಂಗ್ರಹಾಲಯದ ಬಗ್ಗೆ ಮಾತಾಡಿ ಅಂತ ಸಂಘಟಕರು ಕೇಳಿದ್ದಾರೆ. ಒಳಗೆ ಏನೇನು ಇಟ್ಟಿದ್ದಾರೆ ಅನ್ನೋದಕ್ಕಿಂತ ಆ ಕಟ್ಟಡಕ್ಕೆ ಬಂದ ಗತಿಯೇ ನಮ್ಮ ಬಳ್ಳಾರಿಯವರಿಗೆ ಹೆಚ್ಚು ಹತ್ತಿರದ್ದು. ಅದನ್ನೇ ಹೇಳ್ತೀನಿ.

ಅದರ ಹೆಸರು ಬಯೋಸ್ಫಿಯರ್. 1967ರ ವಿಶ್ವ ಮೇಳಕ್ಕೆ ಅಮೆರಿಕ ಕಟ್ಟಿಸಿದ ಮಂಟಪ. ವಿನ್ಯಾಸ ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ಅವರದು. ಸುಮಾರು 76 ಮೀಟರ್ ಅಗಲ, 62 ಮೀಟರ್ ಎತ್ತರದ ಗೋಳ. ಅದನ್ನು ಹೊತ್ತು ನಿಲ್ಲೋದಕ್ಕೆ ನಡುವೆ ಒಂದು ಕಂಬವೂ ಇಲ್ಲ. ಹೊರಮೈ ಪೂರ್ತಿ ಉಕ್ಕಿನ ಕೊಳವೆಗಳ ತ್ರಿಕೋನಗಳು. ತ್ರಿಕೋನವೇ ಯಾಕೆ? ನಾಲ್ಕು ಕಡ್ಡಿಗಳನ್ನು ಚೌಕ ಮಾಡಿ ದಾರದಲ್ಲಿ ಕಟ್ಟಿ ಮೂಲೆ ಒತ್ತಿ ನೋಡ್ರಿ, ಒಂದು ಕಡೆ ವಾಲಿಬಿಡ್ತದೆ. ಮೂರು ಕಡ್ಡಿ ಕಟ್ಟಿ ಒತ್ರಿ. ಕಡ್ಡಿ ಮುರಿದೀತೇ ಹೊರತು ಆಕಾರ ಕದಲೋದಿಲ್ಲ.

ಈ ಉಕ್ಕಿನ ಮೇಲೆ ಪಾರದರ್ಶಕ ಅಕ್ರಿಲಿಕ್, ಅಂದರೆ ಗಾಜಿನಂಥ ಪ್ಲಾಸ್ಟಿಕ್, ಹೊದಿಸಿದ್ದರು. 1976ರ ಮೇ 20ರಂದು ದುರಸ್ತಿ ನಡೆಯುವಾಗ ವೆಲ್ಡಿಂಗ್‌ನಿಂದ ಬೆಂಕಿ ಹತ್ತಿಕೊಂಡು ಆ ಹೊದಿಕೆ ಪೂರ್ತಿ ಸುಟ್ಟುಹೋಯಿತು. ಉಕ್ಕು ನಿಂತಿತು. ಎಷ್ಟೋ ವರ್ಷ ಅದಕ್ಕೆ ಬೀಗ. 1990ರಲ್ಲಿ ಅಲ್ಲಿನ ಪರಿಸರ ಇಲಾಖೆ ಅದನ್ನು ಕೊಂಡು, 1995ರಲ್ಲಿ ಸೇಂಟ್ ಲಾರೆನ್ಸ್ ನದಿ ಮತ್ತು ಮಹಾ ಸರೋವರಗಳ ನೀರಿನ ವಿಷಯಕ್ಕೆ ಮೀಸಲಾದ ಸಂಗ್ರಹಾಲಯ ಮಾಡಿ ತೆರೆಯಿತು. ಈಗ ಅಲ್ಲಿ ಹವಾಮಾನ, ಜೀವವೈವಿಧ್ಯ ಎಲ್ಲವೂ ಇವೆ. ಆದರೆ ಸುಟ್ಟ ಹೊದಿಕೆಯನ್ನು ಮತ್ತೆ ಹಾಕಲಿಲ್ಲ. ಗೋಳದೊಳಗೆ ಬೇರೆ ಕಟ್ಟಡ ಕಟ್ಟಿದರು. ಹಾಗಾಗಿ ಮಳೆ, ಹಿಮ ಎಲ್ಲ ಆ ಜಾಲರಿ ದಾಟಿ ಒಳಗೇ ಬೀಳ್ತದೆ. ಮೇಲಿನ ಜಗುಲಿಗೆ ಹೋದರೆ ಉಕ್ಕಿನ ಸಂದಿಯಿಂದ ನದಿ ಕಾಣಿಸ್ತದೆ. ಒಳಗಿನ ಪರದೆ, ಗುಂಡಿ ಒತ್ತುವ ಆಟಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ; ಮಕ್ಕಳಿಗೆ ಚೆನ್ನ. ನಾನು ಹೆಚ್ಚು ಹೊತ್ತು ನಿಂತದ್ದು ಆ ಜಗುಲಿಯಲ್ಲೇ.

ನಮ್ಮ ಬಳ್ಳಾರಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್ ಕಥೆ ನಿಮಗೆಲ್ಲ ಗೊತ್ತು. ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅನ್ನೋದು ಅವನ ಲೆಕ್ಕಕ್ಕೆ ಬರಲಿಲ್ಲ, ಹೈದರಾಲಿ ಅವನನ್ನು ಗಲ್ಲಿಗೇರಿಸಿದ ಅಂತ ಹೇಳ್ತಾರೆ. ಅಕ್ರಿಲಿಕ್ ಹೊದಿಸಿದ ಫುಲ್ಲರ್‌ಗೆ ಸಿಕ್ಕಿದ್ದೇ ಬೇರೆ: 1985ರಲ್ಲಿ ಕಂಡುಹಿಡಿದ, ಅರವತ್ತು ಇಂಗಾಲದ ಪರಮಾಣುಗಳ ಗೋಳಾಕಾರದ ಅಣುವಿಗೆ ವಿಜ್ಞಾನಿಗಳು ಅವರ ಹೆಸರನ್ನೇ ಇಟ್ಟರು. ಕಾಲ ನೋಡಿ ಹುಟ್ಟಬೇಕು!

ಇನ್ನೊಂದು ಸಂಗತಿ. ಆ ಗೋಳ ಇರೋದು ನದಿ ನಡುವಿನ ದ್ವೀಪದಲ್ಲಿ. ಮೇಳಕ್ಕೆ ಜಾಗ ಸಾಲದೆ ಆ ದ್ವೀಪವನ್ನು ದೊಡ್ಡದು ಮಾಡಿದರು, ಪಕ್ಕದಲ್ಲಿ ಇನ್ನೊಂದನ್ನು ಹೊಸದಾಗಿ ಕಟ್ಟಿದರು. ಮೆಟ್ರೋ ಸುರಂಗ ಅಗೆದಾಗ ಬಂದ ಕಲ್ಲುಮಣ್ಣನ್ನು ಅದಕ್ಕೆ ಸುರಿದರು. ಇದನ್ನು ಕೇಳಿದಾಗ ನನಗೆ ಸಂಡೂರಿನ ಡಂಪುಗಳು, ಕಬ್ಬಿಣದ ಅದಿರಿನ ಗಣಿಗಳ ತ್ಯಾಜ್ಯ ಮಣ್ಣಿನ ರಾಶಿಗಳು, ನೆನಪಾದವು. ನಮ್ಮಲ್ಲೂ ಅಗೆದ ಮಣ್ಣಿಗೆ ಬರವಿಲ್ಲ. ಅದು ಮಳೆಯಲ್ಲಿ ಇಳಿದು ನಾರಿಹಳ್ಳದ ಕಡೆ ಹರಿದದ್ದನ್ನು ಇಲ್ಲಿರುವ ಕೆಲವರು ಕಣ್ಣಾರೆ ಕಂಡಿದ್ದೀರಿ.

ಇಲ್ಲೇ ಹತ್ತಿರದ ಸಂಗನಕಲ್ಲಿನಲ್ಲಿ ಸಿಕ್ಕ ಶಿಲಾಯುಗದ ಕಲ್ಲಿನ ಕೊಡಲಿಗಳಿಗೆ ನಮ್ಮೂರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯ ಇದೆ, ಸಂತೋಷ. ಸಾವಿರಾರು ವರ್ಷದ ಹಿಂದಿನದ್ದು ಗಾಜಿನ ಪೆಟ್ಟಿಗೆ ಸೇರಿತು. ಮೊನ್ನೆ ಮೊನ್ನೆಯದ್ದು ಎಲ್ಲಿದೆ? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ, ಅಕ್ರಮ ಹೆಚ್ಚು ನಡೆದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಆಗ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗ್ತಿದ್ದಾರೆ. ಅವರಿಗೆ ತೋರಿಸೋಕೆ ನಮ್ಮ ಹತ್ತಿರ ಏನಿದೆ?

ಅದಕ್ಕೆ ಹೊಸ ಭವನ ಬೇಡ ಅನ್ನೋದು ನನ್ನ ವಾದ. ಒಂದು ಹಳೇ ಗಣಿ ತಗ್ಗು ಸಾಕು. ಅಂಚಿಗೆ ಬೇಲಿ ಹಾಕಿ, ಮೆಟ್ಟಿಲು ಕೊರೆದು, ಕೆಂಪು ಗೋಡೆಯ ಪದರಗಳು ಕಾಣೋ ಹಾಗೆ ಬಿಡಲಿ. ಗಿಡ ನೆಟ್ಟು ಪೂರ್ತಿ ಮುಚ್ಚಿಬಿಟ್ಟರೆ ಏನಾಗಿತ್ತು ಅನ್ನೋದೇ ತಿಳಿಯೋದಿಲ್ಲ. ಕೆಳಗೆ ಒಂದು ಅದಿರು ಲಾರಿ ನಿಲ್ಲಿಸಲಿ, ಪಕ್ಕದಲ್ಲಿ ಪರ್ಮಿಟ್ ಚೀಟಿಗಳು. ರಸ್ತೆ ಬದಿ ಹೊಲದವರು ಮೆಣಸಿನಕಾಯಿ ಗಿಡದ ಎಲೆಗಳನ್ನು ಒರೆಸಿದರೆ ಬೆರಳು ಕೆಂಪಾಗ್ತಿತ್ತು. ಅದನ್ನು ಅವರೇ ಬಂದು ಹೇಳಲಿ. ಹೊಲ ಬಿಟ್ಟು, ಸಾಲ ಮಾಡಿ ಲಾರಿ ಕೊಂಡು, ಗಣಿ ನಿಂತ ಮೇಲೆ ಕಂತು ಕಟ್ಟಲಾಗದೆ ಲಾರಿ ಕಳಕೊಂಡವರೂ ಬಂದು ಹೇಳಲಿ. ರೊಕ್ಕ ಮಾಡಿದವರು ಬರ್ತಾರೋ ಇಲ್ಲವೋ, ಅವರಿಗೂ ಒಂದು ಕುರ್ಚಿ ಹಾಕಿಡೋಣ.

ಇದಕ್ಕೆ ಜಾಗ ಯಾರು ಕೊಡಬೇಕು, ಯಾರು ನಡೆಸಬೇಕು ಅಂತ ಈಗ ನೀವು ಕೇಳ್ತೀರಿ. ಗಣಿ ಪ್ರದೇಶದ ಪುನಶ್ಚೇತನಕ್ಕೆ ಅಂತಲೇ ಎತ್ತಿಟ್ಟ ಹಣ ಇದೆ. ಅದರಿಂದ ಕೇಳೋಣ ಅಂತ ನಾನು. ಬೇರೆ ದಾರಿ ಹೊಳೆದವರು ಎದ್ದು ಹೇಳಿ, ಮೈಕು ಅಲ್ಲಿಗೇ ಕೊಡ್ತಾರೆ.