ಶೂನ್ಯಮಾಸದಲ್ಲಿ ಮಲಗಿದ ಸೋಲಾರ್

ಕೇಳುಗರಿಗೆ ನಮಸ್ಕಾರ.

ಧನುರ್ಮಾಸದಲ್ಲಿ ಯಾವತ್ತಾದರೂ ಕಲ್ಯಾಣ ಮಂಟಪದ ಒಳಗೆ ಹೋಗಿದ್ದೀರಾ? ಒಲೆ ಹಚ್ಚಿರುವುದಿಲ್ಲ, ಓಲಗ ಇರುವುದಿಲ್ಲ. ವಾಚ್‌ಮನ್ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ಅಷ್ಟೇ. ಅಂಥದ್ದೊಂದು ಮಧ್ಯಾಹ್ನ ತುಮಕೂರು ಕಡೆಯ ಮಂಟಪದ ಮಾಲೀಕರು ನನಗೆ ಫೋನ್ ಮಾಡಿದರು. "ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ ಸ್ವಾಮಿ, ನಿಮ್ಮ ಸೋಲಾರ್ ಮಾತ್ರ ಮಲಗಿದೆ" ಅಂದರು. ಎರಡು ತಿಂಗಳ ಹಿಂದೆ, ಮದುವೆ ಸೀಸನ್ನಿನ ಗದ್ದಲದಲ್ಲಿ, ಅದನ್ನು ಗ್ರಿಡ್‌ಗೆ (ಅಂದರೆ ವಿದ್ಯುತ್ ಕಂಪನಿಯ ಲೈನಿಗೆ) ಸೇರಿಸಿಕೊಟ್ಟವನು ನಾನೇ.

ಅದು ಮೈಕ್ರೋಇನ್ವರ್ಟರ್ ಸಿಸ್ಟಮ್. ಮಾಮೂಲಿ ಸೋಲಾರಿನಲ್ಲಿ ಹದಿನೈದು ಇಪ್ಪತ್ತು ಪ್ಯಾನೆಲ್‌ಗಳನ್ನು ಸರಪಳಿ ಮಾಡಿ, ಕೆಳಗೆ ಗೋಡೆಯ ಮೇಲಿರುವ ಒಂದು ದೊಡ್ಡ ಇನ್ವರ್ಟರಿಗೆ ತರುತ್ತಾರೆ. ಆ ತಂತಿಯಲ್ಲಿ 600, 700 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಓಡಾಡುತ್ತಿರುತ್ತದೆ. ಮೈಕ್ರೋಇನ್ವರ್ಟರಿನಲ್ಲಿ ಹಾಗಲ್ಲ. ಊಟದ ಡಬ್ಬಿಯಷ್ಟು ದೊಡ್ಡ ಇನ್ವರ್ಟರ್ ಒಂದೊಂದು ಪ್ಯಾನೆಲ್ಲಿನ ಬೆನ್ನಿಗೂ ಕೂತಿರುತ್ತದೆ. 40 ವೋಲ್ಟಿನ ಡಿಸಿ ಅಲ್ಲೇ, ತಾರಸಿಯ ಮೇಲೇ, 230 ವೋಲ್ಟಿನ ಎಸಿ, ಅಂದರೆ ನಮ್ಮ ಮನೆಗೆ ಬರುವಂಥ ಕರೆಂಟ್, ಆಗುತ್ತದೆ. ಈ ಮಂಟಪದ ತಾರಸಿಯಲ್ಲಿ ದೊಡ್ಡ ನೀರಿನ ಟ್ಯಾಂಕ್ ಇತ್ತು, ಪಕ್ಕದಲ್ಲಿ ಎರಡು ತೆಂಗಿನ ಮರ. ನೆರಳು ಬಿದ್ದ ಪ್ಯಾನೆಲ್ ಮಾತ್ರ ಸೊರಗುತ್ತದೆ, ಉಳಿದವು ತಮ್ಮ ಪಾಡಿಗೆ ತಾವು ದುಡಿಯುತ್ತವೆ. ಅದಕ್ಕೇ ಇದನ್ನು ಆರಿಸಿದ್ದೆವು.

60 ಪ್ಯಾನೆಲ್, 60 ಮೈಕ್ರೋಇನ್ವರ್ಟರ್. ಒಂದೊಂದೂ ಸುಮಾರು ಒಂದೂವರೆ ಆಂಪಿಯರ್ ಕೊಡುತ್ತದೆ. ಹತ್ತು ಸೇರಿದರೆ 15 ಆಂಪಿಯರ್. 20 ಆಂಪಿಯರಿನ ಎಂಸಿಬಿಗೆ, ಅಂದರೆ ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚಿಗೆ, ದಿನವಿಡೀ 16ಕ್ಕಿಂತ ಜಾಸ್ತಿ ಹೊರಿಸಬಾರದು, ಹಾಗಾಗಿ ಸಾಲಿಗೆ ಹತ್ತು. ಒಟ್ಟು ಆರು ಸಾಲು, ಒಂದು ಫೇಸಿಗೆ ಎರಡು. ಮೂರು ಫೇಸಿಗೂ ಸಮ ಹಂಚಿದ್ದೆ. ಅಲ್ಲಿಯವರೆಗೆ ನನ್ನ ಕೆಲಸ ಸರಿಯಾಗಿಯೇ ಇತ್ತು.

ಕಾಗದದ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಸ್ಕಾಂಗೆ ಅರ್ಜಿ, ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇದೆಯಾ ಅಂತ ಪರಿಶೀಲನೆ, ಒಪ್ಪಂದ, ತಪಾಸಣೆ, ಕೊನೆಗೆ ಎರಡೂ ಕಡೆ ಲೆಕ್ಕ ಹಿಡಿಯುವ ಮೀಟರ್. ಒಂದು ಮಾತು ಮಾತ್ರ ನೆನಪಿಡಿ: ಆ ಹೊಸ ಮೀಟರ್ ಬರುವ ಮೊದಲೇ ಆಸೆಗೆ ಬಿದ್ದು ಸ್ವಿಚ್ ಹಾಕಬೇಡಿ. ಹಳೇ ಮೀಟರ್‌ಗಳಲ್ಲಿ ಕೆಲವು, ನೀವು ಕೊಟ್ಟಿದ್ದನ್ನೂ ತಗೊಂಡ ಲೆಕ್ಕಕ್ಕೇ ಬರೆದುಬಿಡುತ್ತವೆ. ಬಿಸಿಲು ಕಾಸಿ ಬಿಲ್ಲು ಹೆಚ್ಚಿಸಿಕೊಂಡ ಹಾಗಾಗುತ್ತದೆ.

ಸ್ವಿಚ್ ಹಾಕುವ ದಿನ ನೋಡಬೇಕು. ಮೀಟರ್ ಬೋರ್ಡಿನ ಪಕ್ಕದಲ್ಲಿ ಒಂದು ಐಸೊಲೇಟರ್, ಸೋಲಾರನ್ನು ಲೈನಿನಿಂದ ಬೇರೆ ಮಾಡುವ ಸ್ವಿಚ್, ಇರುತ್ತದೆ. ಲೈನ್‌ಮನ್ ಕೈಗೆ ಸಿಗುವ ಜಾಗದಲ್ಲಿ, ಬೀಗ ಹಾಕಲು ಬರುವಂಥದ್ದು. ಅದು ನಿಯಮ. ಹ್ಯಾಂಡಲ್ ತಿರುಗಿಸಿದೆ. ಏನೂ ಆಗಲಿಲ್ಲ. ಮಾಲೀಕರು ನನ್ನ ಮುಖ ನೋಡಿದರು. ತಡೀರಿ ಅಂದೆ. ಗ್ರಿಡ್ಡಿನ ವೋಲ್ಟೇಜು, ಫ್ರೀಕ್ವೆನ್ಸಿ ಎರಡೂ ಕನಿಷ್ಠ 60 ಸೆಕೆಂಡು ಸ್ಥಿರವಾಗಿ ನಿಲ್ಲುವ ತನಕ ಇನ್ವರ್ಟರ್ ಸೇರುವ ಹಾಗಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಇದು. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ತಂತಿಗೆ ಸಿಕ್ಕಿಸಿಕೊಂಡು ನಿಂತೆವು. ಸೊನ್ನೆ, ಸೊನ್ನೆ, ಆಮೇಲೆ 2 ಆಂಪಿಯರ್, 9, 20... "ಬಂತು ಬಂತು" ಅಂತ ಅಡುಗೆ ಭಟ್ಟರೂ ಓಡಿ ಬಂದರು.

ಭಟ್ಟರು ಕೇಳಿದ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. "ಇನ್ನು ಕರೆಂಟ್ ಹೋದರೂ ಗ್ರೈಂಡರ್ ತಿರುಗುತ್ತೆ ಅಲ್ವಾ?" ಇಲ್ಲ. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಇದೂ ನಿಲ್ಲಬೇಕು. ಇಲ್ಲದಿದ್ದರೆ, ಕರೆಂಟ್ ಇಲ್ಲ ಅಂತ ನಂಬಿ ಕಂಬ ಹತ್ತಿದವನ ಪ್ರಾಣಕ್ಕೆ ನಮ್ಮ ತಾರಸಿ ಕುತ್ತು ತರುತ್ತದೆ. ಜನರೇಟರ್ ಓಡುವಾಗಲೂ ಸೋಲಾರ್ ಬೇರೆಯೇ ಇರಬೇಕು. ಜನರೇಟರ್ ಕೊಡುವ 230 ವೋಲ್ಟನ್ನೇ ಗ್ರಿಡ್ ಅಂದುಕೊಂಡು ಮೈಕ್ರೋಇನ್ವರ್ಟರ್ ಅದಕ್ಕೆ ಸೇರಿಕೊಳ್ಳಬಹುದು. ಲೋಡ್ ಕಡಿಮೆ ಇದ್ದರೆ ಮಿಕ್ಕ ಕರೆಂಟ್ ಜನರೇಟರಿನೊಳಕ್ಕೇ ನುಗ್ಗುತ್ತದೆ. ಅದಕ್ಕೇ ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿಗಿಂತ ಮುಂಚೆ, ಬೆಸ್ಕಾಂ ಬದಿಗೆ, ಸೋಲಾರ್ ಸೇರಿಸುವುದು.

ಈಗ ಆ ಫೋನಿನ ವಿಷಯ.

ಹೋಗುವ ಮೊದಲು ಮೊಬೈಲಿನಲ್ಲಿ ನೋಡಿದೆ. ಮೈಕ್ರೋಇನ್ವರ್ಟರಿನ ಒಂದು ಸುಖ ಅಂದರೆ ಪ್ಯಾನೆಲ್ ಪ್ಯಾನೆಲ್ಲಿನ ಜಾತಕ ಅಲ್ಲಿ ಕಾಣುತ್ತದೆ. ಪೂರ್ತಿ ಮಲಗಿರಲಿಲ್ಲ. ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಹನ್ನೆರಡರಿಂದ ಎರಡು ಗಂಟೆಯ ತನಕ, ಪ್ರತಿ ಸಾಲಿನ ಕೊನೆಯ ಮೂರು ಪ್ಯಾನೆಲ್ ಮತ್ತೆ ಮತ್ತೆ ಸೊನ್ನೆ. ಆರೂ ಸಾಲಿನಲ್ಲಿ ಅದೇ ಕತೆ. ಇನ್ವರ್ಟರ್ ಕೆಟ್ಟರೆ ಹೀಗೆ ಸಾಲು ಹಿಡಿದು ಕೆಡುವುದಿಲ್ಲ. ಆಗಲೇ ಹೊಟ್ಟೆಯಲ್ಲಿ ಸ್ವಲ್ಪ ಕಳವಳ ಶುರುವಾಯಿತು. ಯಾಕೆಂದರೆ ಕೇಬಲ್ ಆರಿಸಿದವನು ನಾನು.

ಮನೆಯಲ್ಲಿ ಲೋಡ್ ಹಾಕಿದಾಗ ತಂತಿ ಉದ್ದ ಇದ್ದಷ್ಟೂ ವೋಲ್ಟೇಜ್ ಇಳಿಯುತ್ತದೆ. ಹಳ್ಳಿಯಲ್ಲಿ ಕೊನೇ ಮನೆಯ ಬಲ್ಬು ಮಂಕಾಗುವುದು ಹಾಗೇ. ಸೋಲಾರಿನಲ್ಲಿ ಅದು ಉಲ್ಟಾ. ಕರೆಂಟ್ ತಾರಸಿಯಿಂದ ಕೆಳಗೆ ಬರಬೇಕಾದರೆ ತಾರಸಿಯ ವೋಲ್ಟೇಜ್ ಕೆಳಗಿನದಕ್ಕಿಂತ ಹೆಚ್ಚಿರಬೇಕು. ಸಾಲಿನ ತುದಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಮಿತಿ ಎಷ್ಟು? 230ರ ಮೇಲೆ ಶೇಕಡಾ 10, ಅಂದರೆ 253 ವೋಲ್ಟ್. ಅದನ್ನು ದಾಟಿದರೆ ಎರಡು ಸೆಕೆಂಡಿನೊಳಗೆ ಕಳಚಿಕೊಳ್ಳಬೇಕು.

ನಾನು ಆರು ಸಾಲಿಗೂ ಬೇರೆ ಬೇರೆ 4 ಎಂಎಂ (ಚದರ ಮಿಲಿಮೀಟರ್) ತಾಮ್ರದ ಕೇಬಲ್ ಎಳೆದಿದ್ದೆ. ಕೆಳಗಿನ ಬೋರ್ಡಿಗೆ 60 ಮೀಟರ್. ಹೋಗೋಕೆ 60, ಬರೋಕೆ 60. 15 ಆಂಪಿಯರಿಗೆ ಎಂಟೂಕಾಲು ವೋಲ್ಟ್ ಏರಿಕೆ. ಬಿಸಿಲಿಗೆ ತಾಮ್ರ ಕಾದರೆ ಒಂಬತ್ತು ದಾಟುತ್ತದೆ. ಸಾಲಿನೊಳಗೆ ಇನ್ನೊಂದೆರಡು. ಒಟ್ಟು 11. ಮದುವೆ ದಿನ ಏರ್ ಕಂಡಿಷನರ್, ಗ್ರೈಂಡರ್, ದೀಪ ಎಲ್ಲ ಉರಿಯುವಾಗ ಬೋರ್ಡಿನಲ್ಲಿ 232 ಇತ್ತು. 11 ಸೇರಿ 243, ತೊಂದರೆ ಇಲ್ಲ. ಶೂನ್ಯಮಾಸದಲ್ಲಿ ಲೋಡೇ ಇಲ್ಲ, ಬೋರ್ಡಿನಲ್ಲೇ 243. ಅದಕ್ಕೆ 11 ಸೇರಿದರೆ 254. ತುದಿಯವು ಕಳಚಿಕೊಂಡವು. ಅವು ಬಿಟ್ಟ ಮೇಲೆ ವೋಲ್ಟೇಜ್ ಇಳಿದು ಉಳಿದವು ಬಚಾವಾದವು. ಸ್ವಲ್ಪ ಹೊತ್ತಿಗೆ ತುದಿಯವು ಮತ್ತೆ ಸೇರಿದವು, ಮತ್ತೆ ಬಿದ್ದವು. ಎರಡು ಗಂಟೆ ಇದೇ ಕಣ್ಣಾಮುಚ್ಚಾಲೆ.

ಮಾಲೀಕರ ಅಳಿಯ ಇಂಟರ್ನೆಟ್ಟಿನಲ್ಲಿ ಓದಿಕೊಂಡಿದ್ದರು. "ಸುಮ್ನೆ ಸೆಟ್ಟಿಂಗಿನಲ್ಲಿ ಮಿತಿ 260 ಮಾಡಿಬಿಡಿ" ಅಂದರು. ಕೈ ಮುಗಿದೆ. ಆ ಮಿತಿ ನಮ್ಮ ಅನುಕೂಲಕ್ಕೆ ಇಟ್ಟಿದ್ದಲ್ಲ. ಅದನ್ನು ಏರಿಸಿದರೆ ಲೈನಿನ ವೋಲ್ಟೇಜೂ ಏರಲು ಬಿಟ್ಟ ಹಾಗೆ, ಆ ಏರಿಕೆ ಅಕ್ಕಪಕ್ಕದ ಮನೆಯ ಫ್ರಿಜ್ಜಿನ ತನಕ ಹೋಗುತ್ತದೆ.

ಮಾಡಿದ್ದು ಎರಡು ಕೆಲಸ. ಮೊದಲನೆಯದು, ಸಾಲಿನ ಒಂದು ತುದಿಯಿಂದ ತೆಗೆದಿದ್ದ ಕನೆಕ್ಷನ್ನನ್ನು ನಡುಮಧ್ಯಕ್ಕೆ ತಂದೆ. ಐದು ಆ ಕಡೆ, ಐದು ಈ ಕಡೆ. ಸಾಲಿನೊಳಗಿನ ಏರಿಕೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತು. ಎರಡನೆಯದು, ತಾರಸಿಯಲ್ಲೇ ಒಂದು ಪೆಟ್ಟಿಗೆ ಇಟ್ಟು ಆರೂ ಸಾಲನ್ನು ಮೂರು ಫೇಸಿಗೆ ಕೂಡಿಸಿ, 16 ಎಂಎಂನ ನಾಲ್ಕು ಕೋರ್ ಕೇಬಲ್ ಒಂದನ್ನೇ ಕೆಳಗೆ ಬಿಟ್ಟೆ. ಮೂರು ಫೇಸು ಸಮ ಇದ್ದರೆ ನ್ಯೂಟ್ರಲ್ಲಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ, ವಾಪಸ್ ದಾರಿಯ ನಷ್ಟ ತಪ್ಪಿತು. ಹಾಗಂತ ಆ ನ್ಯೂಟ್ರಲ್ ಸಡಿಲ ಬಿಡುವ ಹಾಗಿಲ್ಲ. ಅದು ಕಳಚಿದರೆ ಯಾವ ಫೇಸಿಗೆ ಎಷ್ಟು ವೋಲ್ಟೇಜ್ ಬರುತ್ತದೆ ಅಂತ ಹೇಳೋಕಾಗಲ್ಲ, 60 ಡಬ್ಬಿಗೂ ಅಪಾಯ. ಆ ಸ್ಕ್ರೂ ಮಾತ್ರ ನಾನೇ ಕೈಯಾರೆ ಬಿಗಿ ಮಾಡಿದೆ, ಹುಡುಗರಿಗೆ ಬಿಡಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ತಾರಸಿಯ ತುದಿ ಪ್ಯಾನೆಲ್ಲಿನ ಹತ್ತಿರ ಮೀಟರ್ ಇಟ್ಟೆ. 246. ಕೆಳಗೆ ಬೋರ್ಡಿನಲ್ಲಿ 243.

ಕೇಬಲ್ಲಿನ ದುಡ್ಡು ನನ್ನ ಕೈಯಿಂದಲೇ ಹೋಯಿತು. ಬಿಚ್ಚಿದ 4 ಎಂಎಂ ಕೇಬಲ್ 360 ಮೀಟರ್ ಇತ್ತು. ಅದರಲ್ಲಿ ಸ್ವಲ್ಪ ಅದೇ ಮಂಟಪದ ಗೇಟಿನ ದೀಪಕ್ಕೆ ಹಾಕಿಕೊಟ್ಟೆ. ಮಾಲೀಕರು ಕೂಲಿ ಎಷ್ಟು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಮಸ್ಕಾರ.